ದವಡೆಯ ಚೂರುಗಳು

ರಾಯಚೂರಿನ ಕೋಟೆ ನಿಂತ ಬೆಟ್ಟ, ದೇವದುರ್ಗ, ಮಾನ್ವಿಯ ಹೊಲಗಳಲ್ಲಿ ತಲೆಯೆತ್ತಿದ ಬಂಡೆಗಳು ಹುಟ್ಟಿ ಸುಮಾರು 250 ಕೋಟಿ ವರ್ಷ. ಅವು ಕಾದು ಕರಗಿ ಗಟ್ಟಿಯಾದ ಕಲ್ಲು. ಡೈನೋಸಾರ್ ಬಂದದ್ದು ಎಷ್ಟೋ ಈಚೆಗೆ. ಅದರ ಎಲುಬು ಈ ಬಂಡೆಯಲ್ಲಿ ಸಿಗುವ ಮಾತೇ ಇಲ್ಲ.

ಆದರೆ ದೂರದ ಮೊರಾಕ್ಕೋದ ಫಾಸ್ಫೇಟ್ ಗಣಿಯೊಂದರಲ್ಲಿ ಬಾತುಕೋಳಿಯಂಥ ಮೂತಿಯ ಡೈನೋಸಾರ್ ಒಂದರ ದವಡೆಯ ಚೂರುಗಳು ಸಿಕ್ಕವು. ಒತ್ತೊತ್ತಾಗಿ ಜೋಡಿಸಿದ ಹಲ್ಲುಗಳು, ಸೊಪ್ಪು ಅರೆಯಲು ಹೇಳಿ ಮಾಡಿಸಿದಂಥವು. ಪಳೆಯುಳಿಕೆ ತಜ್ಞ ನಿಕೋಲಸ್ ಲಾಂಗ್‌ರಿಚ್ ಮತ್ತು ಸಂಗಡಿಗರು ಅದಕ್ಕೆ ಅಜ್ನಾಬಿಯಾ ಎಂದು ಹೆಸರಿಟ್ಟರು. ಅದು ಬದುಕಿದ್ದ ಕಾಲದಲ್ಲಿ ಆಫ್ರಿಕಾ ಸುತ್ತ ನೀರಿದ್ದ ನೆಲ. ಅಂದರೆ ಅಜ್ನಾಬಿಯಾದ ಪೂರ್ವಜರು ಕಡಲು ದಾಟಿಯೇ ಬಂದಿರಬೇಕು! ಅಷ್ಟು ದೊಡ್ಡ ಪಯಣಕ್ಕೆ ಮೊದಲು ಸಿಕ್ಕ ಸಾಕ್ಷಿ ಇಷ್ಟೇ. ಇಡೀ ಅಸ್ಥಿಪಂಜರಕ್ಕಿಂತ ಈ ಚೂರುಗಳೇ ನನಗೆ ದೊಡ್ಡದಾಗಿ ಕಾಣುತ್ತವೆ.

ಹೆಚ್ಚುಕಡಿಮೆ ಅದೇ ಕಾಲಕ್ಕೆ, ಸುಮಾರು 6.6 ಕೋಟಿ ವರ್ಷದ ಹಿಂದೆ, ದಖ್ಖನಿನಲ್ಲಿ ಲಾವಾ ಹರಿಯುತ್ತಿತ್ತು. ನಮ್ಮ ಪಕ್ಕದ ಗುರುಮಠಕಲ್, ಯಾನಾಗುಂದಿಯ ಕಡೆ ಲಾವಾದ ಪದರಗಳ ನಡುವೆ ಸಿಹಿನೀರಿನ ಕೆಸರು ಕಲ್ಲಾಗಿದೆ. ಅದರಲ್ಲಿ ಆಸ್ಟ್ರಕಾಡ್ ಎಂಬ ಜೀವಿಗಳ ಎಳ್ಳಿಗಿಂತ ಸಣ್ಣ ಚಿಪ್ಪುಗಳಿವೆ. ರಾಯಚೂರಿನ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ, ಕೈಯಲ್ಲೊಂದು ಭೂತಗನ್ನಡಿ ಕೊಟ್ಟು.