ಕಾಲು ಮೈಲಿಯ ಓಟ

ಕಾಲು ಮೈಲಿ ಅಂದರೆ ಬರೀ 402 ಮೀಟರು. ನಮ್ಮನೆಯಿಂದ ಹಾಲಿನ ಬೂತಿಗೆ ಹೆಚ್ಚುಕಡಿಮೆ ಅಷ್ಟೇ. ಕಾರುಗಳು ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಓಡುವ ಅಮೆರಿಕದ ಡ್ರ್ಯಾಗ್ ರೇಸಿನ ಸಾಂಪ್ರದಾಯಿಕ ಉದ್ದವೂ ಅದೇ.

ಅಲ್ಲಿನ ಮೊದಲ ರಾಷ್ಟ್ರೀಯ ಪಂದ್ಯ ನಡೆದದ್ದು 1955ರಲ್ಲಿ, ಕ್ಯಾನ್ಸಸ್ ರಾಜ್ಯದ ಗ್ರೇಟ್ ಬೆಂಡ್ ಎಂಬ ಸಣ್ಣ ಊರಿನ ವಿಮಾನಪಟ್ಟಿಯ ಮೇಲೆ. ಹವ್ಯಾಸಿಗಳು ತಾವೇ ಕಟ್ಟಿದ ಕಾರುಗಳನ್ನು ಎಳೆದುಕೊಂಡು ದೂರದೂರದಿಂದ ಬಂದರು. ಕೊನೆಯ ಸುತ್ತುಗಳ ಹೊತ್ತಿಗೆ ಮಳೆ ಹಿಡಿಯಿತು. ಎಲ್ಲರೂ ಗಂಟುಮೂಟೆ ಕಟ್ಟಿದರು. ಉಳಿದ ಓಟ ಮುಗಿದದ್ದು ನವೆಂಬರಿನಲ್ಲಿ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಗಿನ ಅರಿಝೋನಾದಲ್ಲಿ! ಗೆದ್ದವರು ಕ್ಯಾಲಿಫೋರ್ನಿಯಾದ ಕ್ಯಾಲ್ವಿನ್ ರೈಸ್. ಅಷ್ಟು ಅಲೆದಾಟದ ಕೊನೆಗೆ ಅವರ ಓಟಕ್ಕೆ ಹಿಡಿದದ್ದು ಹತ್ತು ಚಿಲ್ಲರೆ ಸೆಕೆಂಡು.

ಹುಚ್ಚು ಅನ್ನಿ, ನಾನು ಬೇಡ ಅನ್ನಲಾರೆ. ಆದರೆ ಗೆದ್ದವರಿಗಿಂತ ನನಗೆ ನೆನಪಾಗುವವರು ಬೇರೆ. ಈ ಆಟದಲ್ಲಿ ಹಸಿರು ದೀಪಕ್ಕೆ ಕಣ್ಣೆವೆ ಮಿಟುಕುವಷ್ಟು ಮೊದಲು ಕಾರು ಮುಂದೆ ಸರಿದರೂ ಕೆಂಪು ದೀಪ ಹತ್ತುತ್ತದೆ. ಅಲ್ಲಿಗೆ ಆಟ ಮುಗಿಯಿತು. ಎರಡು ದಿನ ಗಾಡಿ ಓಡಿಸಿ ಬಂದವರು ಕಾರನ್ನು ಮತ್ತೆ ಟ್ರೇಲರಿಗೆ ಹತ್ತಿಸುತ್ತಾರೆ, ಹಗ್ಗ ಬಿಗಿಯುತ್ತಾರೆ, ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಳ್ಳುತ್ತಾರೆ. ಹೊರಡುವ ಮುಂಚೆ ಪಕ್ಕದವರನ್ನು ಕೇಳುತ್ತಾರೆ: ‘ಮುಂದಿನ ರೇಸು ಯಾವೂರಲ್ಲಿ?’