ಬೆಂಕಿ ಅಂಗಳದಲ್ಲೇ ಇರಲಿ

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, "ಆರೋಗ್ಯದ ಬಗ್ಗೆ ಒಂದಿಷ್ಟು ಮಾತಾಡಿ" ಎಂದಾಗ ಅವರು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು ಎಂಬ ಮೂರು ಹಳೆಯ ವಿಷಯಗಳಲ್ಲಿ ಒಂದನ್ನು ನಿರೀಕ್ಷಿಸಿದ್ದರೆಂದು ಕಾಣುತ್ತದೆ. ನಾವು "ಗ್ಯಾಸ್ ಬಾರ್ಬೆಕ್ಯೂ" ಎಂದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಡಾಕ್ಟ್ರೇ, ಅಡುಗೆಗೆ ಬೇರೆ ಸಮಿತಿ ಇದೆಯಲ್ಲ" ಎಂದರು. ಇದು ಅಡುಗೆಯ ವಿಷಯವೂ ಹೌದು, ಪ್ರಾಣದ ವಿಷಯವೂ ಹೌದು. ಹೇಗೆಂಬುದನ್ನು ನಮ್ಮ ಮನೆಯ ಕಥೆಯಿಂದಲೇ ತಿಳಿಸುತ್ತೇವೆ. ಆ ಕಥೆಯಲ್ಲಿ ತಪ್ಪು ನಮ್ಮದೇ ಆದ್ದರಿಂದ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಸುಟ್ಟು ತಿನ್ನುವುದು ನಮಗೆ ಹೊಸದಲ್ಲ. ಉತ್ತರ ಕರ್ನಾಟಕದವರಿಗೆ ಹೊಲದಲ್ಲಿ ಸುಟ್ಟ ಎಳೆಯ ಜೋಳದ ಸೀತನಿ ನೆನಪಿದೆ. ಮಲೆನಾಡು, ಕರಾವಳಿಯವರಿಗೆ ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ ನೆನಪಿದೆ. ಬದನೆಕಾಯಿ ಸುಟ್ಟು ಗೊಜ್ಜು ಮಾಡದ ಮನೆ ಹಳೆಯ ಮೈಸೂರಿನಲ್ಲಿ ಇದ್ದೀತೇ? ಇಲ್ಲಿಗೆ ಬಂದ ಮೇಲೆ ಆ ಕೆಂಡ ತಪ್ಪಿಹೋಯಿತು. ಬಾಡಿಗೆ ಮನೆಯಲ್ಲಿ ವಿದ್ಯುತ್ ಒಲೆ. ಒಗ್ಗರಣೆ ಹಾಕಿದರೇ ಹೊಗೆಯ ಅಲಾರಂ ಬೊಬ್ಬೆ ಹಾಕುತ್ತದೆ, ಇನ್ನು ಬದನೆಕಾಯಿ ಸುಡುವ ಮಾತೆಲ್ಲಿ! ಹೀಗಾಗಿ ಸ್ವಂತ ಮನೆ, ಹಿತ್ತಿಲು ಅಂತ ಆದ ಕೂಡಲೇ ನಮ್ಮಲ್ಲಿ ಅನೇಕರು ಕೊಳ್ಳುವ ಮೊದಲ ವಸ್ತು ಗ್ಯಾಸ್ ಬಾರ್ಬೆಕ್ಯೂ. ನಾವೂ ಕೊಂಡೆವು.

ಆದರೆ ಐರ್ಲೆಂಡಿನ ಆಕಾಶ ತಮಗೆಲ್ಲ ಗೊತ್ತೇ ಇದೆ. ಒಂದು ಸ್ವಾರಸ್ಯ ಕೇಳಿ: ಡಬ್ಲಿನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್. ಬೆಂಗಳೂರಿನಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಆದರೆ ಬೆಂಗಳೂರಿನ ಮಳೆ ಸಂಜೆ ಧೋ ಎಂದು ಸುರಿದು ಹೋಗುತ್ತದೆ. ಇಲ್ಲಿಯದು ದಿನವಿಡೀ ಜಿನುಗುತ್ತದೆ, ಅದೂ ನೆಂಟರನ್ನು ಕರೆದ ದಿನವೇ. ಬಾರ್ಬೆಕ್ಯೂವಿನ ಅಪಾಯ ಶುರುವಾಗುವುದು ಆ ಮೊದಲ ಹನಿಯಿಂದ.

2022ರ ಮೇ ತಿಂಗಳು. ಮಗನ ಹುಟ್ಟುಹಬ್ಬಕ್ಕೆ ನಾಲ್ಕು ಸಂಸಾರಗಳನ್ನು ಕರೆದಿದ್ದೆವು. ಮುಸುಕಿನ ಜೋಳ, ಪನೀರು, ಕೋಳಿ, ಎಲ್ಲವನ್ನೂ ಮಸಾಲೆಯಲ್ಲಿ ನೆನೆಸಿಟ್ಟಿತ್ತು. ಬರ್ನರ್ ಹಚ್ಚಿ ಹತ್ತು ನಿಮಿಷವಾಗಿತ್ತು, ಮಳೆ ಬಂತು. ನಾವಿಬ್ಬರೂ ವೈದ್ಯರು, ಇಬ್ಬರೂ ಸೇರಿ ಬಾರ್ಬೆಕ್ಯೂವನ್ನು ಗ್ಯಾರೇಜಿನ ಒಳಕ್ಕೆ ತಳ್ಳಿದೆವು. ಬಾಗಿಲು ಅರ್ಧ ಎತ್ತಿಯೇ ಇತ್ತು, ಗಾಳಿ ಬರುತ್ತದಲ್ಲ ಎಂದುಕೊಂಡೆವು. ಎರಚಲು ಬರುತ್ತಿದೆಯೆಂದು ಯಾರೋ ಅದನ್ನೂ ಇನ್ನಷ್ಟು ಇಳಿಸಿದರು. ಊರಿನಿಂದ ಬಂದಿದ್ದ ಅಮ್ಮನಿಗೆ ಇಲ್ಲಿಯ ಮೇ ತಿಂಗಳೂ ಚಳಿಯೇ. "ಇಲ್ಲಿ ಬೆಚ್ಚಗಿದೆ ಕಣಪ್ಪಾ" ಎಂದು ಶಾಲು ಹೊದ್ದು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಮೊಮ್ಮಗ ಅವರ ತೊಡೆಯ ಮೇಲೆ.

ಮುಕ್ಕಾಲು ಗಂಟೆಯಲ್ಲಿ ಅಮ್ಮನಿಗೆ ತಲೆನೋವು ಬಂತು, ಹೊಟ್ಟೆ ತೊಳೆಸಿತು. ಪ್ರಯಾಣದ ಆಯಾಸ ಎಂದೆವು. ರಕ್ತದೊತ್ತಡ ನೋಡಿದೆವು, ಸರಿಯಿತ್ತು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದೆವು, 98 ತೋರಿಸಿತು. ನಿಶ್ಚಿಂತೆಯಿಂದ ಮತ್ತೆ ಕೋಳಿ ತಿರುವಿ ಹಾಕಲು ಹೋದೆವು. ಅಷ್ಟರಲ್ಲಿ ಅತಿಥಿಗಳಲ್ಲಿ ಒಬ್ಬರು, ವೃತ್ತಿಯಿಂದ ದಾದಿ, ಗಟ್ಟಿಯಾಗಿ ಹೇಳಿದರು: "ಡಾಕ್ಟ್ರೇ, ಅಜ್ಜಿಗೂ ತಲೆನೋವು, ಮಗುವಿಗೂ ತಲೆನೋವು, ನನಗೂ ತಲೆನೋವು. ಮೊದಲು ಬಾಗಿಲು ತೆಗೀರಿ!"

ಆ ಒಂದು ಮಾತಿಗೆ ನಮ್ಮ ಕಣ್ಣು ತೆರೆಯಿತು. ಎಲ್ಲರನ್ನೂ ಹೊರಗೆ ಕಳಿಸಿ, ಗ್ಯಾಸ್ ಆರಿಸಿ, ಅಮ್ಮನನ್ನೂ ಮಗನನ್ನೂ ಆಸ್ಪತ್ರೆಗೆ ಕರೆದೊಯ್ದೆವು. ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಇತ್ತು. ಆಮ್ಲಜನಕ ಕೊಟ್ಟರು. ದೇವರ ದಯೆ, ಮರುದಿನ ಇಬ್ಬರೂ ಮನೆಗೆ ಬಂದರು. ಅವತ್ತು ನಾವು ಅಳೆದದ್ದೆಲ್ಲ ಸರಿಯಾಗಿಯೇ ಇತ್ತು. ನೋಡಬೇಕಾದದ್ದನ್ನು ಮಾತ್ರ ನೋಡಿರಲಿಲ್ಲ. ರೋಗಿಯೊಬ್ಬರು ಆಸ್ಪತ್ರೆಯಲ್ಲಿ ಇದೇ ಕಥೆ ಹೇಳಿದ್ದರೆ ಒಂದು ನಿಮಿಷದಲ್ಲಿ ಪತ್ತೆ ಹಚ್ಚುತ್ತಿದ್ದೆವು. ನಮ್ಮ ಮನೆಯಲ್ಲಿ, ನಮ್ಮ ಕೈಯಿಂದಲೇ ನಡೆದಾಗ ಹೊಳೆಯಲಿಲ್ಲ.

ಇದು ಹೀಗೇಕೆ ಆಗುತ್ತದೆಂದು ಎರಡು ಮಾತು. ಗ್ಯಾಸ್ ಪೂರ್ತಿಯಾಗಿ ಉರಿಯಲು ಸಾಕಷ್ಟು ಆಮ್ಲಜನಕ ಬೇಕು. ಮುಚ್ಚಿದ ಜಾಗದಲ್ಲಿ ಅದು ಕಡಿಮೆಯಾಗುತ್ತಾ ಹೋದಂತೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದರ ಮೇಲೆ ಇನ್ನೂರು ಪಟ್ಟಿಗೂ ಹೆಚ್ಚು ಮೋಹ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ ಹಿಡಿದುಬಿಡುತ್ತದೆ. ಆಮ್ಲಜನಕ ನಿಂತೇ ಇರಬೇಕು. ಬೆರಳಿಗೆ ಸಿಕ್ಕಿಸುವ ಸಾಧಾರಣ ಆಕ್ಸಿಮೀಟರಿಗೆ ಸೀಟಿನಲ್ಲಿ ಕೂತವರು ಯಾರೆಂದು ತಿಳಿಯುವುದಿಲ್ಲ, ಭರ್ತಿಯಾಗಿದೆ ಎಂದಷ್ಟೇ ತೋರಿಸುತ್ತದೆ. ಆದ್ದರಿಂದ 98 ಇದೆಯೆಂದು ನಂಬಬೇಡಿ. ರಕ್ತದಲ್ಲಿ ಸೇರಿದ ಈ ವಿಷ ಸಾಮಾನ್ಯ ಗಾಳಿಯಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಒಂದೇ ಜಾಗದಲ್ಲಿರುವ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮೊದಲು ಹೊರಗೆ ಬನ್ನಿ, ಆಮೇಲೆ 112 ಅಥವಾ 999ಕ್ಕೆ ಫೋನ್ ಮಾಡಿ. ಮಾತ್ರೆ ಕೊಟ್ಟು ಮಲಗಿಸಬೇಡಿ.

ಆದ್ದರಿಂದ ಮೊದಲ ನಿಯಮ: ಬಾರ್ಬೆಕ್ಯೂ ಬಯಲಿನಲ್ಲೇ ಇರಬೇಕು. ಗ್ಯಾರೇಜು, ಶೆಡ್ಡು, ಗಾಜಿನ ಕೊಠಡಿ, ಡೇರೆ, ಯಾವುದೂ ಕೂಡದು. ಬಾಗಿಲು ತೆರೆದಿದೆ ಎಂಬುದು ಸಮಾಧಾನವಲ್ಲ. ಇದ್ದಲಿನ ಒಲೆಯಂತೂ ಉರಿ ಆರಿದಂತೆ ಕಂಡ ಮೇಲೂ ಗಂಟೆಗಟ್ಟಲೆ ಈ ವಿಷವನ್ನು ಬಿಡುತ್ತಿರುತ್ತದೆ. ಚಳಿಗೆಂದು ಅದನ್ನು ಡೇರೆಯೊಳಗೆ ತಂದುಕೊಂಡು ಮಲಗಿದವರು ಬೆಳಗ್ಗೆ ಏಳದ ಸಂದರ್ಭಗಳು ಹಲವು ದೇಶಗಳಲ್ಲಿ ನಡೆದಿವೆ. ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದವರು ಕೊಂಡು ಹಾಕಿಸಿ. ಮೇಲೆ ಇ.ಎನ್. 50291 ಎಂದು ಅಚ್ಚಾಗಿದೆಯೇ ನೋಡಿಕೊಳ್ಳಿ. ಅದು ಬಾಯ್ಲರಿಗೂ ಕಾವಲು.

ಇನ್ನು ಸಿಲಿಂಡರಿಗೆ ಬರೋಣ. ಊರಿನಲ್ಲಿ 14.2 ಕೆಜಿಯ ಕೆಂಪು ಸಿಲಿಂಡರನ್ನು ಉರುಳಿಸಿಕೊಂಡು ಬೆಳೆದವರು ನಾವು; ಗೊತ್ತಿರದೇ ಏನು ಎಂಬ ಧೈರ್ಯ. ಇಲ್ಲಿ ಕೆಲವು ವ್ಯತ್ಯಾಸಗಳಿವೆ. ಇಲ್ಲಿ ಬ್ಯುಟೇನ್, ಪ್ರೊಪೇನ್ ಎಂದು ಎರಡು ಬಗೆ ಸಿಗುತ್ತವೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ ಕೆಳಗೆ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ತಣ್ಣನೆಯ ಸಂಜೆ ಉರಿ ಸಣ್ಣಗಾದರೆ ಗ್ಯಾಸ್ ಮುಗಿಯಿತೆಂದು ಬಯ್ಯುವ ಮುನ್ನ ಯಾವ ಗ್ಯಾಸೆಂದು ನೋಡಿ. ಎರಡಕ್ಕೂ ರೆಗ್ಯುಲೇಟರ್ ಬೇರೆ, ಒತ್ತಡವೂ ಬೇರೆ: ಬ್ಯುಟೇನಿಗೆ 30 ಮಿಲಿಬಾರ್ ಆಸುಪಾಸು, ಪ್ರೊಪೇನಿಗೆ 37. ಊರಿನಿಂದ ತಂದ ರೆಗ್ಯುಲೇಟರನ್ನಾಗಲಿ ಪೈಪನ್ನಾಗಲಿ ಜೋಡಿಸುವ ಸಾಹಸ ಬೇಡ. ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯಲು ಊರಿನ ಉಪಾಯವೇ ಸಾಕು: ಒದ್ದೆ ಬಟ್ಟೆಯಿಂದ ಒರೆಸಿ, ಗ್ಯಾಸ್ ಇರುವವರೆಗಿನ ಭಾಗ ನಿಧಾನವಾಗಿ ಒಣಗುತ್ತದೆ.

ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲದ ಮೇಲೆ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರನ್ನು ಚಳಿಗಾಲದಲ್ಲೂ ಹೊರಗೇ, ನೆಟ್ಟಗೆ ನಿಲ್ಲಿಸಿ ಇಡಬೇಕು. ಸೋರಿಕೆ ನೋಡಲು ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಕದಡಿ, ಸಿಲಿಂಡರ್ ತೆರೆದು, ಬರ್ನರಿನ ನಾಬುಗಳನ್ನು ಮುಚ್ಚಿಟ್ಟು, ಪೈಪಿನುದ್ದಕ್ಕೂ ಜೋಡಣೆಗಳಿಗೂ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡುವ ಶೂರರು ನಮ್ಮಲ್ಲಿ ಇಲ್ಲವೆಂದು ನಂಬಿದ್ದೇವೆ. ಪೈಪನ್ನು ಬಗ್ಗಿಸಿ ನೋಡಿದಾಗ ಬಿರುಕು ಕಂಡರೆ ಅಥವಾ ಅದರ ಮೇಲೆ ಅಚ್ಚಾದ ವರ್ಷ ಹಳೆಯದಾಗಿದ್ದರೆ ಬದಲಾಯಿಸಿ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಬದಲಿಸುವುದು ಲೇಸು.

ಹಚ್ಚುವಾಗ ಮುಚ್ಚಳ ತೆರೆದಿರಲೇಬೇಕು. ಮುಚ್ಚಿ ಹಚ್ಚಿದರೆ ಒಳಗೆ ತುಂಬಿದ ಗ್ಯಾಸ್ ಒಮ್ಮೆಲೇ ಭುಗ್ಗೆಂದು ಹುಬ್ಬು, ಮುಂಗೂದಲು ಎಲ್ಲವನ್ನೂ ಒಯ್ಯುತ್ತದೆ. ಐದಾರು ಸೆಕೆಂಡಿನಲ್ಲಿ ಹತ್ತಿಕೊಳ್ಳದಿದ್ದರೆ ನಾಬು ಮುಚ್ಚಿ, ಐದು ನಿಮಿಷ ಕಾದು ಮತ್ತೆ ಪ್ರಯತ್ನಿಸಿ. ಆರಿಸುವಾಗ ಮೊದಲು ಸಿಲಿಂಡರ್ ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದು ಹೋದ ಮೇಲೆ ನಾಬುಗಳನ್ನು ಮುಚ್ಚಿ. ಉರಿ ನೀಲಿಯಾಗಿರಬೇಕು, ತುದಿಯಲ್ಲಿ ತುಸು ಹಳದಿ ಇದ್ದರೆ ಅಡ್ಡಿಯಿಲ್ಲ. ಪೂರಾ ಹಳದಿಯಾಗಿ ಓಲಾಡುತ್ತಿದ್ದರೆ ಗಾಳಿ ಸಾಲದು ಎಂದು ಅರ್ಥ. ಅದಕ್ಕೆ ಕಾರಣ ಹಲವು ಸಲ ಒಂದು ಜೇಡ! ಚಳಿಗಾಲದಲ್ಲಿ ಆರು ತಿಂಗಳು ಸುಮ್ಮನೆ ನಿಂತಾಗ ಬರ್ನರಿನ ನಳಿಗೆಯೊಳಗೆ ಜೇಡ ಬಲೆ ನೇಯುತ್ತದೆ. ದಾರಿ ಕಟ್ಟಿ ಗ್ಯಾಸ್ ಹಿಂದಕ್ಕೆ ಬಂದು ನಾಬಿನ ಬಳಿಯೇ ಹತ್ತಿಕೊಳ್ಳುವುದೂ ಉಂಟು. ಏಪ್ರಿಲಿನಲ್ಲಿ ಮೊದಲ ಸಲ ಹಚ್ಚುವ ಮುನ್ನ ಬರ್ನರ್ ಬಿಚ್ಚಿ, ಸಣ್ಣ ಬಾಟಲಿ ಬ್ರಷ್ಷಿನಿಂದ ನಳಿಗೆ ತಿಕ್ಕಿ ತೆಗೆಯಿರಿ.

ಅಡುಗೆ ಮುಗಿದ ಮೇಲೆ ಮುಚ್ಚಳ ಮುಚ್ಚಿ ಹತ್ತು ನಿಮಿಷ ದೊಡ್ಡ ಉರಿಯಲ್ಲಿ ಬಿಟ್ಟರೆ ಅಂಟಿದ್ದೆಲ್ಲ ಸೀದು ಬೂದಿಯಾಗುತ್ತದೆ. ತಿಕ್ಕಿದ ಮೇಲೆ ಕಂಬಿಗಳಿಗೆ ಒಂದಿಷ್ಟು ಎಣ್ಣೆ ಸವರಿಡಿ, ನಮ್ಮ ದೋಸೆ ಕಾವಲಿಗೆ ಮಾಡುವ ಹಾಗೆ. ಕೆಳಗಿನ ಜಿಡ್ಡಿನ ತಟ್ಟೆಯನ್ನು ಪ್ರತಿ ಸಲವೂ ಖಾಲಿ ಮಾಡಿ. ಬಾರ್ಬೆಕ್ಯೂಗೆ ಬೆಂಕಿ ಹತ್ತುವುದು ಹೆಚ್ಚಾಗಿ ಅಲ್ಲಿಂದಲೇ. ಹತ್ತಿದರೆ ನೀರು ಸುರಿಯಬೇಡಿ. ಗ್ಯಾಸ್ ನಿಲ್ಲಿಸಿ, ಮುಚ್ಚಳ ಮುಚ್ಚಿ, ದೂರ ನಿಲ್ಲಿ. ತಂತಿ ಬ್ರಷ್ ಬಳಸುವವರಿಗೆ ಒಂದು ಎಚ್ಚರಿಕೆ: ಉದುರಿದ ತಂತಿಯ ಎಳೆ ಕಂಬಿಗೆ ಅಂಟಿ, ಅಲ್ಲಿಂದ ಊಟದಲ್ಲಿ ಸೇರಿ ಗಂಟಲಿಗೋ ಕರುಳಿಗೋ ಚುಚ್ಚಿಕೊಳ್ಳಬಹುದು. ಅಮೆರಿಕದ ರೋಡ್ ಐಲೆಂಡಿನಲ್ಲಿ 2011ರ ಮಾರ್ಚಿನಿಂದ 2012ರ ಜೂನಿನೊಳಗೆ ಇಂಥ ಆರು ಮಂದಿಗೆ ಚಿಕಿತ್ಸೆಯಾದದ್ದು ವರದಿಯಾಗಿದೆ. ತಿಕ್ಕಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಆ ಭಯ ಕಡಿಮೆ.

ಕೈ ಸುಟ್ಟರೆ? ಊರಿನ ಔಷಧಿಗಳೆಲ್ಲ ನಮಗೆ ಗೊತ್ತು: ಶಾಯಿ, ಬೆಣ್ಣೆ, ಟೂತ್‌ಪೇಸ್ಟ್, ಇಡ್ಲಿ ಹಿಟ್ಟು. ದಯವಿಟ್ಟು ಯಾವುದೂ ಬೇಡ, ಮಂಜುಗಡ್ಡೆಯೂ ಬೇಡ. ಬಳೆ, ಉಂಗುರ ತೆಗೆದು ಹರಿಯುವ ತಣ್ಣೀರಿನ ಕೆಳಗೆ ಪೂರಾ ಇಪ್ಪತ್ತು ನಿಮಿಷ ಹಿಡಿಯಿರಿ. ಇಪ್ಪತ್ತು ನಿಮಿಷವೆಂದರೆ ಗಡಿಯಾರದ ಇಪ್ಪತ್ತು. ಆಮೇಲೆ ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಿಗೆ ತೋರಿಸಿ.

ಸಂಘದ ವನಭೋಜನಕ್ಕೂ ಒಂದು ಮಾತು. ಸಸ್ಯಾಹಾರಿಗಳೂ ಮಾಂಸಾಹಾರಿಗಳೂ ಒಟ್ಟಿಗೆ ಉಣ್ಣುವುದು ನಮ್ಮ ಸಂಘದ ಸೊಗಸು. ಇಬ್ಬರಿಗೂ ಬೇರೆ ಬೇರೆ ಇಕ್ಕಳ, ಬೇರೆ ತಟ್ಟೆ, ಸಾಧ್ಯವಾದರೆ ಬೇರೆ ಬಾರ್ಬೆಕ್ಯೂ ಇರಲಿ. ಇದು ಮಡಿಯ ಮಾತಷ್ಟೇ ಅಲ್ಲ. ಹಸಿ ಕೋಳಿ ಮುಟ್ಟಿದ ಇಕ್ಕಳದಿಂದ ಬೆಂದದ್ದನ್ನು ಎತ್ತಿದರೆ ಭೇದಿ ಯಾರ ಆಚಾರವನ್ನೂ ಕೇಳುವುದಿಲ್ಲ. ಕೋಳಿ ಒಳಗಿನವರೆಗೆ 75 ಡಿಗ್ರಿ ಬಿಸಿಯಾಗಬೇಕು. ಹೊರಗೆ ಕರಿದಾಗಿದೆ ಎಂದು ಒಳಗೆ ಬೆಂದಿದೆ ಎನ್ನಲಾಗದು.

ಮಾತು ಮುಗಿಸುತ್ತೇವೆ. ಅವತ್ತಿನ ನಂತರ ನಮ್ಮ ಬಾರ್ಬೆಕ್ಯೂ ಹಿತ್ತಿಲಿನ ಕಲ್ಲುಹಾಸನ್ನು ಬಿಟ್ಟು ಕದಲಿಲ್ಲ. ಮಳೆ ಬಂದರೆ ಕೋಳಿ ಓವನ್ನಿಗೆ, ಪನೀರು ಬಾಣಲೆಗೆ. ಬದನೆಕಾಯಿ ಬಿಸಿಲು ಬರುವ ತನಕ ಕಾಯುತ್ತದೆ. ಅಮ್ಮ ಕಳೆದ ಬೇಸಿಗೆಯಲ್ಲಿ ಮತ್ತೆ ಬಂದಿದ್ದರು. ಎಳೆಬಿಸಿಲಿನಲ್ಲಿ ಅದೇ ಶಾಲು ಹೊದ್ದು, ಬಾರ್ಬೆಕ್ಯೂವಿನಿಂದ ಹತ್ತು ಅಡಿ ದೂರ ಕುರ್ಚಿ ಹಾಕಿಸಿಕೊಂಡು, "ಒಲೆ ಅಲ್ಲಿರಲಿ, ಗೊಜ್ಜು ಇಲ್ಲಿಗೆ ಬರಲಿ" ಎಂದರು. ಇಷ್ಟು ಹೊತ್ತು ನಾವು ಹೇಳಿದ್ದನ್ನೆಲ್ಲ ಅವರು ಒಂದೇ ಮಾತಿನಲ್ಲಿ ಹೇಳಿದ್ದಾರೆ.

ಮನೆಗೆ ಹೋದ ಮೇಲೆ ಪೈಪಿಗೆ ಸೋಪಿನ ನೀರು ಹಚ್ಚಿ ನೋಡುವುದನ್ನು ಮರೆಯಬೇಡಿ.