ಜೊಳ್ಳು, ಗಾಳ, ಗಾಳಿಸುದ್ದಿ

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂಥ ಊರಿನಲ್ಲಿ ಕಣದ ಮೇಲೆ ರಾಶಿ ತೂರಿದಾಗ ಬೀಳುವುದೆಲ್ಲ ಒಂದೇ ವಸ್ತುವಲ್ಲ. ಗಟ್ಟಿ ಕಾಳು ಬುಡಕ್ಕೆ ಬೀಳುತ್ತದೆ. ಹೊಟ್ಟು ದೂರ ಹಾರುತ್ತದೆ. ಹೊಟ್ಟು ದನಕ್ಕಾದರೆ ಕಸ ತಿಪ್ಪೆಗೆ. ಮೋಸದ ವಸ್ತುವೆಂದರೆ ಜೊಳ್ಳು. ಹೊರಗೆ ಕಾಳಿನಂತೆಯೇ ಕಾಣುವ ಅದರ ಒಳಗೆ ಏನೂ ಇರುವುದಿಲ್ಲ. ಶೇಂಗಾ ಕೊಳ್ಳುವವರು ಕಾಯನ್ನು ಬೆರಳಲ್ಲಿ ಒತ್ತಿ ಒಡೆದು ನೋಡುವುದು ಇದಕ್ಕಾಗಿಯೇ.

ಇಂದು ಎಲ್ಲರ ಕಿಸೆಯಲ್ಲೂ ಒಂದು ಕಣವಿದೆ, ಮೊಬೈಲು. ಅದರಲ್ಲಿ ದಿನವಿಡೀ ಬೀಳುವ ರಾಶಿಗೆ ಮಾತ್ರ ಇರುವುದು ಒಂದೇ ಮಾತು: ‘ಮೆಸೇಜ್ ಬಂದೈತಿ.’

ಇಂಗ್ಲಿಷ್ ಆಡುವವರು ಈ ಕಸಕ್ಕೆ ಹೆಸರಿಟ್ಟದ್ದು ಅಡುಗೆಮನೆಯಿಂದ. ಸ್ಪ್ಯಾಮ್ ಎಂಬುದು 1937ರಲ್ಲಿ ಅಮೆರಿಕದ ಹಾರ್ಮೆಲ್ ಕಂಪನಿ ತಂದ ಡಬ್ಬಿ ಮಾಂಸ. 1970ರಲ್ಲಿ ಬ್ರಿಟನ್ನಿನ ಮಾಂಟಿ ಪೈಥಾನ್ ತಂಡದ ಟಿ.ವಿ. ಪ್ರಹಸನವೊಂದರಲ್ಲಿ ಹೋಟೆಲಿನ ತಿಂಡಿಪಟ್ಟಿಯ ತುಂಬ ಅದೇ ಮಾಂಸ, ಬೇಡವೆಂದವರಿಗೂ ಅದೇ. ಆ ನಗೆಯಿಂದ ಹೆಸರು ಬೇಡದ ಪತ್ರಕ್ಕೆ ಅಂಟಿತು. ಪತ್ರ ಹೆಸರಿಗಿಂತ ಹಳೆಯದು. 1978ರ ಮೇ ತಿಂಗಳಲ್ಲೇ ಅರ್ಪಾನೆಟ್ ಜಾಲದ ನೂರಾರು ಜನರಿಗೆ ಕಂಪ್ಯೂಟರ್ ಜಾಹೀರಾತೊಂದು ಕೇಳದೆಯೇ ಬಂದಿತ್ತು.

2025ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ವರ್ಷದ ಪದವೆಂದು ಆರಿಸಿದ್ದು ‘ಸ್ಲಾಪ್’. ಯಂತ್ರಬುದ್ಧಿಯಿಂದ ರಾಶಿರಾಶಿಯಾಗಿ ಹೊರಬೀಳುವ ಕಳಪೆ ಬರಹ, ಚಿತ್ರಗಳಿಗೆ ಈ ಹೆಸರು. ಅದರ ಹಳೆಯ ಅರ್ಥಗಳಲ್ಲೊಂದು ಹಂದಿಗೆ ಹಾಕುವ ಎಂಜಲು. ಕನ್ನಡದಲ್ಲಿ ಮುಸುರೆ ಎನ್ನಬಹುದಿತ್ತು; ಆದರೆ ಮುಸುರೆಗೆ ಅದು ಅನ್ಯಾಯ. ಮುಸುರೆ ಕುಡಿದ ಎಮ್ಮೆ ಹಾಲು ಕೊಡುತ್ತದೆ. ಯಂತ್ರದ ಈ ಬರಹಕ್ಕೆ ಜೊಳ್ಳು ಎಂಬ ಮಾತೇ ಸರಿ. ಇನ್ನು ‘ನೋಡಿದರೆ ಬೆಚ್ಚಿಬೀಳುತ್ತೀರಿ’ ಎಂಬ ತಲೆಬರಹಗಳಿಗೆ ಗಾಳ ಎಂದರೆ ಸಾಕು, ಯಾರಿಗೂ ವಿವರಿಸಬೇಕಿಲ್ಲ.

ಹಳೆಯ ಮಾತು ಕೈಕೊಟ್ಟದ್ದೂ ಉಂಟು. ಗಾಳಿಸುದ್ದಿ ಎಂದರೆ ಯಾರೋ ಹೇಳಿದ್ದು, ಕಣ್ಣಾರೆ ಕಂಡವರಿಲ್ಲದ್ದು. ಆದರೆ 2018ರಲ್ಲಿ ಮಕ್ಕಳ ಕಳ್ಳರ ಸುದ್ದಿ ವಾಟ್ಸಪ್ಪಿನಲ್ಲಿ ವಿಡಿಯೋ ಸಮೇತ ಬಂತು. ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ್ದ ಚಿತ್ರದ ಕೊನೆಯನ್ನು ಕತ್ತರಿಸಿ, ನಿಜವಾದ ಅಪಹರಣವೆಂಬಂತೆ ದೇಶದ ತುಂಬ ಹಬ್ಬಿಸಲಾಗಿತ್ತು. ಕಣ್ಣಿಗೆ ಕಂಡದ್ದನ್ನು ಗಾಳಿಸುದ್ದಿ ಎನ್ನಲು ಯಾರಿಗೆ ತಾನೇ ತೋಚೀತು? ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥ ಸಂಶಯದಿಂದಲೇ ಗುಂಪುಗಳು ಒಬ್ಬೊಬ್ಬರನ್ನು ಹೊಡೆದು ಕೊಂದವು. ಅದೇ ಜುಲೈಯಲ್ಲಿ ವಾಟ್ಸಪ್ ಕಂಪನಿಯು ಮುಂದೂಡಿದ ಸಂದೇಶಕ್ಕೆ ಗುರುತುಪಟ್ಟಿ ಹಚ್ಚಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಸಾರಿತು. ಆ ಪಟ್ಟಿ ಸಂದೇಶ ಕೈದಾಟಿ ಬಂದದ್ದನ್ನು ಹೇಳುತ್ತದೆ. ಅದು ಕಾಳೋ ಜೊಳ್ಳೋ ಎಂದು ಹೇಳುವುದಿಲ್ಲ.

ಈಚೆಗೆ ರೈತರಿಗೆ ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಸುಳ್ಳು ಆ್ಯಪ್ ಕಡತಗಳದು ಇನ್ನೊಂದು ಬಗೆ. ಒತ್ತಿ ಆ್ಯಪ್ ಇಳಿಸಿಕೊಂಡರೆ ಬ್ಯಾಂಕಿನ ದುಡ್ಡಿಗೇ ಸಂಚಕಾರ. ಹಾವೇರಿ ಸೀಮೆಯ ರೈತರಿಗೆ ಇದರ ಹೆಸರು ಹೊಸದಲ್ಲ: ನಕಲಿ ಬೀಜ. ಚೀಲದ ಮೇಲಿನ ಹೆಸರು ಸರಿ, ಒಳಗಿನದು ಬೇರೆ. ಬಿತ್ತಿ ಕೆಟ್ಟವರು ತಡಮಾಡದೆ 1930ಕ್ಕೆ ಫೋನು ಮಾಡಿದರೆ, ದುಡ್ಡು ಕೈದಾಟುವ ಮುನ್ನ ತಡೆಹಿಡಿಯುವ ಅವಕಾಶ ಉಂಟು.